ಉಳಿದವರು ಬರೋದು ಬೇಡ

ಸೈರನ್ ಕೂಗಿತು. ಅವಳು ಕೈಲಿದ್ದ ಸ್ಕ್ರಿಪ್ಟ್ ಬಿಸಾಕಿ ಕ್ಯಾಂಟೀನಿನ ಮೇಜಿನಡಿ ನುಗ್ಗಿದಳು!

ತಿಂಗಳಿಂದ ಅಣುದಾಳಿಯ ಬಗ್ಗೆಯೇ ಓದಿ, ಬರೆದು, ಕನಸು ಕಂಡವಳಿಗೆ ಇನ್ನೇನು ತೋಚೀತು?

ಮೇಜಿನಂಚಿನಲ್ಲಿ ಒಂದು ಮುಖ ಬಗ್ಗಿತು. "ಮೇಡಂ, ದಾಳಿ ಮುಗೀತು. ಆಚೆ ಬರ್ಬಹುದು."

ಸೈರನ್ ಕೂಗಿದ್ದು ಆ ಬಾಯಿ! ಎರಡು ಬಾರಿಸುವಷ್ಟು ಸಿಟ್ಟು ಬಂತು. ಆದರೆ ಅವಳೊಳಗಿನ ಡೈರೆಕ್ಟರು ಮೊದಲು ಎದ್ದು ನಿಂತಳು.

"ನಾಳೆಯಿಂದ ನನ್ನ ಫಿಲ್ಮಿಗೆ ಸೌಂಡ್ ನೀನೇ."

ಅಂದಿನಿಂದ ಅವನ ಹೆಸರೇ ಸೈರನ್ನು ಆಯಿತು.

ಕಿರುಚಿತ್ರದ ಕಥೆ ಸಣ್ಣದು. ಬಾಂಬು ಬಿದ್ದ ಮೇಲೆ ನೆಲಮಾಳಿಗೆಯಲ್ಲಿ ಬದುಕುಳಿದ ಅಜ್ಜಿ, ಮೊಮ್ಮಗಳು. ಸ್ಕ್ರಿಪ್ಟಿನಲ್ಲಿ ಅವರಿಗೆ ಹೆಸರಿಲ್ಲ, 'ಉಳಿದವರು', ಅಷ್ಟೇ. ಕಾಲೇಜಿನ ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ನೆಲಮಾಳಿಗೆಯೇ ಸೆಟ್ಟು. ಸೈರನ್ನು ತಗಡು ಅಲ್ಲಾಡಿಸಿ ಬಾಂಬು ಹಾಕಿದ. ಕಾಗದದ ಮೇಲೆ ಅಕ್ಕಿ ಉದುರಿಸಿ ಬೂದಿಮಳೆ ಸುರಿಸಿದ. ಅವಳು ತಂಡಕ್ಕೆ ವಿಕಿರಣ ಎಂದರೇನೆಂದು ವಿವರಿಸುತ್ತಿದ್ದರೆ, ಪ್ರಿನ್ಸಿಪಾಲರ ಮೂಗುದನಿಯಲ್ಲಿ ಹಾಜರಿ ಕರೆದ.

"ವಿ. ಕಿರಣ... ಎಲ್ರೀ ಅವನು?" ತಕ್ಷಣ ದನಿ ಬದಲಿಸಿ ತಾನೇ ಉತ್ತರ ಕೊಟ್ಟ: "ಎಲ್ಲಾ ಕಡೆ ಇದ್ದಾನೆ ಸಾರ್. ಕಾಣ್ಸಲ್ಲ ಅಷ್ಟೇ."

ನಗಬಾರದು ಅಂದುಕೊಂಡೇ ಅವಳು ನಕ್ಕಳು.

ಇವನ ಹತ್ತಿರ ಊರಿನವರ ದನಿಯೆಲ್ಲ ಇದೆ... ಇವನದು ಯಾವುದು?

ಕೊನೆಯ ದೃಶ್ಯದ ಹಿಂದಿನ ಸಂಜೆ, ನಾಳೆ ಖಾಲಿ ಮೆಟ್ಟಿಲಿನ ಶಾಟ್ ಮಾತ್ರ ಎಂದು ಎಲ್ಲರಿಗೂ ಹೇಳಿದಳು. "ಕ್ಯಾಮೆರಾ ಬೇಗ ಬರಲಿ. ಉಳಿದವರು ಬರೋದು ಬೇಡ."

ಆ ಮೆಟ್ಟಿಲಿಗೆ ಅವಳು ಗುಟ್ಟಾಗಿ ಒಂದು ಹಕ್ಕಿಯ ದನಿ ಇಟ್ಟಿದ್ದಳು. ಅವನೇ ಕೂಗಬೇಕಾದ ಹಕ್ಕಿ.

ಬೆಳಿಗ್ಗೆ ಸೈರನ್ನು ಬರಲಿಲ್ಲ. ಫೋನೂ ಎತ್ತಲಿಲ್ಲ. ಸಂಜೆಯೊಳಗೆ ಚಿತ್ರ ಒಪ್ಪಿಸಬೇಕು. ಮೊದಲು ಕೋಪ ಬಂತು, ಆಮೇಲೆ ದಿಗಿಲು.

"ನೀನೇ ಬೇಡ ಅಂದ್ಯಲ್ಲ," ಎಂದ ಕ್ಯಾಮೆರಾದವನು. "'ಅವಳಿಗೆ ನಾನೂ ಉಳಿದವರಲ್ಲೊಬ್ಬ' ಅಂತ ಸೈರನ್ನು ಮುಖ ಸಣ್ಣ ಮಾಡ್ಕೊಂಡು ಹೋದ."

ಅಯ್ಯೋ... ನಾನು ಹೇಳಿದ್ದು ಪಾತ್ರಗಳ ಬಗ್ಗೆ!

ಅವನಮ್ಮನ ಮೈಕ್‌ಸೆಟ್ ಅಂಗಡಿಗೆ ಓಡಿದಳು. ಅಮ್ಮ ವೈರು ಸುತ್ತುತ್ತಾ, ಬೆಳಗಿನಿಂದ ಮನೆಯಲ್ಲಿ ಸದ್ದೇ ಇಲ್ಲ, ಮಗನಿಗೆ ಜ್ವರವಿರಬೇಕೆಂದು ಕಷಾಯ ಕುಡಿಸಿದ್ದೇನೆ ಎಂದರು. ಒಳಗೆ, ಸ್ಪೀಕರ್ ಡಬ್ಬಗಳ ನಡುವೆ ಅವನು ಇನ್ನೊಂದು ಡಬ್ಬದ ಹಾಗೆ ಕೂತಿದ್ದ.

"ಉಳಿದವರು ಅಂದ್ರೆ ಅಜ್ಜಿ, ಮೊಮ್ಮಗಳು ಕಣೋ," ಎಂದಳು, ಏದುಸಿರಿನಲ್ಲೇ. "ಸ್ಕ್ರಿಪ್ಟ್ ಓದಿಲ್ವಾ ನೀನು?"

ಅವನು ತಲೆ ಕೆರೆದುಕೊಂಡ. ಅವನು ಓದಿದ್ದು ಸದ್ದುಗಳನ್ನಷ್ಟೇ.

"ಹಾಗಾದ್ರೆ ನಾನು ಉಳಿದವನಲ್ವಾ?"

"ಅಲ್ಲ. ಉಳೀಬೇಕಾದವನು. ನನ್ನ ಜೊತೆ."

ಅಂಗಡಿಯಲ್ಲಿ ವೈರು ಸುತ್ತುವ ಸದ್ದು ನಿಂತಿತು.

ಅವನು ಬಾಯಿ ತೆರೆದ. ಪ್ರಿನ್ಸಿಪಾಲರು ಬರಲಿಲ್ಲ, ಸೈರನ್ನೂ ಬರಲಿಲ್ಲ. ತುಸು ಒರಟಾದ, ನಡುಗುವ ಒಂದು ದನಿ ಬಂತು.

"ನಂಗೂ ನೀನಂದ್ರೆ ಇಷ್ಟ... ಆ ಮೇಜಿನಡಿಯಿಂದಲೇ."

ಅವಳು ಕಣ್ಣೊರೆಸಿಕೊಂಡಳು. "ಇದ್ಯಾರ ದನಿ?"

"ಇದೊಂದು ನಂದೇ."

"ಇದನ್ನ ಬೇರೆ ಯಾರಿಗೂ ಕೇಳಿಸ್ಬೇಡ," ಎಂದು ಅವನ ಕೈ ಹಿಡಿದೆಬ್ಬಿಸಿದಳು. "ನಡಿ, ಮೆಟ್ಟಿಲ ಹತ್ರ ಒಂದು ಹಕ್ಕಿ ಬಾಕಿ ಇದೆ."