ನಡುವೆ ಹರಿದ ಕಪ್ಪು ಹೊದಿಕೆ

"ಮುಕ್ಕಾಲು ಗಂಟೆ, ಗಾಸ್ಪಾರ್! ಎಂಟು ತಿಂಗಳಾದ್ಮೇಲೆ ಸಿಗ್ತಿದೀವಿ, ಮುಕ್ಕಾಲು ಗಂಟೆ ಸ್ಟೇಷನ್ನಲ್ಲಿ ನಿಲ್ಲಿಸ್ತೀಯಾ?"

"ತಪ್ಪಾಯ್ತು ಬೆನೆದಿತಾ... ಬಂದ್ಯಲ್ಲ! ಬಾ, ಮೊದ್ಲು ಈ ಗೋಡೆ ನೋಡು."

ಗೋಡೆ! ಬೆನೆದಿತಾಗೆ ಅದೇ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಕಳೆದ ಸೆಪ್ಟೆಂಬರಿನ ದ್ರಾಕ್ಷಿ ಕೊಯ್ಲಿನಲ್ಲಿ ಇಬ್ಬರೂ ಒಂದೇ ಬುಟ್ಟಿ ತುಂಬಿದವರು. ಆಮೇಲೆ ಬರೀ ಫೋನು. ಅವನು ಪೋರ್ಟೊದಲ್ಲಿ ವಾಸ್ತುಶಿಲ್ಪ ಓದುತ್ತಿದ್ದ. ಕೊಯಿಂಬ್ರಾದಲ್ಲಿ ಓದು ಮುಗಿಸಿದ ಅವಳನ್ನು ದೂರದ ನಡುಸಾಗರದ ಅಝೋರ್ಸ್ ದ್ವೀಪದ ಶಾಲೆಯೊಂದು ಕೆಲಸಕ್ಕೆ ಕರೆದಿತ್ತು. ನಾಳೆ ಬೆಳಿಗ್ಗೆ ಉತ್ತರ ಹೇಳಬೇಕು. ಇವನು ಮನಸ್ಸು ಬಿಚ್ಚಿ ಒಂದೇ ಒಂದು ಮಾತು ಆಡಲಿ ಎಂದು ಬಂದಿದ್ದಳು.

ಈ ಪುಣ್ಯಾತ್ಮ ಆಡಿದ್ದೇನು? ಗಂಟೆಗೋಪುರದ ಬಗ್ಗೆ, ಕಮಾನುಗಳ ಬಗ್ಗೆ... ಊಟಕ್ಕೆ ಕೂತಾಗ ಹೋಟೆಲಿನ ಛಾವಣಿಯ ಬಗ್ಗೆ!

"ದ್ವೀಪದ ಕೆಲಸ..." ಎಂದು ಅವಳು ಮೂರು ಸಲ ಬಾಯಿ ತೆರೆದಳು.

"ಒಳ್ಳೇ ಕೆಲಸ ಅಲ್ವಾ," ಅಂದುಬಿಟ್ಟ, ನೆಲ ನೋಡುತ್ತ.

'ಕಲ್ಲಿನ ಸಹವಾಸ ಮಾಡಿ ಇವನೂ ಕಲ್ಲಾಗಿದ್ದಾನೆ!'

ಸಂಜೆ ನದಿ ದಂಡೆಯಲ್ಲಿ ಕೂತು ಒಂದೊಂದು ಲೋಟ ಪೋರ್ಟ್ ವೈನ್ ತರಿಸಿಕೊಂಡರು. ಗಾಳಿ ಎದ್ದಿತು. ವಿದ್ಯಾರ್ಥಿ ಹಬ್ಬದ ವಾರವಾದ್ದರಿಂದ ಅವನೂ ಎಲ್ಲರಂತೆ ಉಣ್ಣೆಯ ಕಪ್ಪು ಹೊದಿಕೆ ಹೊತ್ತು ತಿರುಗುತ್ತಿದ್ದ. ಅದನ್ನೇ ತೆಗೆದು ಅವಳ ಹೆಗಲಿಗೆ ಹೊದಿಸಿದ. ಅವಳು ಅದರೊಳಗೆ ಮುದುಡಿಕೊಂಡಳು.

ಕೆಳಗಿನ ಅಂಚನ್ನು ಎಳೆದುಕೊಳ್ಳುವಾಗ ಬೆರಳು ಹರಿದ ಜಾಗದೊಳಗೆ ಹೋಯಿತು. ಅದೂ ಸರಿಯಾಗಿ ಬೆನ್ನ ನಡುವಿಗೆ!

"ಇದ್ಯಾರು ಹರಿದಿದ್ದು?"

"ಅದು..."

"ವಿದ್ಯಾರ್ಥಿಗಳ ಹೊದಿಕೆ ಹರಿಯೋ ಪದ್ಧತಿ ನಂಗೊತ್ತಿಲ್ವಾ? ಎಡಕ್ಕೆ ಮನೆಯವ್ರು ಹರೀತಾರೆ, ಬಲಕ್ಕೆ ಗೆಳೆಯರು. ನಡುವೆ ಹರಿಯೋಳು ಪ್ರೀತಿ ಮಾಡಿದೋಳು ಒಬ್ಳೇ! ಪ್ರೀತಿ ಮುರಿದ್ರೆ ಕರೀ ದಾರದಲ್ಲಿ ಹೊಲೀತಾರೆ. ನೀನು ಹೊಲಿದಿಲ್ಲ. ಅಂದ್ರೆ ಅವಳಿನ್ನೂ ಇದಾಳೆ! ಕೊಯಿಂಬ್ರಾದವಳ ಕಿವಿ ಮೇಲೆ ಹೂವಿಡ್ತೀಯಾ?"

ಹೊದಿಕೆಯನ್ನು ಅವನ ಮಡಿಲಿಗೆ ಎಸೆದು ಎದ್ದೇಬಿಟ್ಟಳು. ಕಣ್ಣು ತುಂಬಿತ್ತು.

"ಇದಾಳೆ. ಹೆಸರು ಇಡಲೀನಾ," ಅಂದ ಗಾಸ್ಪಾರ್. "ನಮ್ಮಮ್ಮ."

"...ಏನು?"

"ಇದು ನಮ್ಮಪ್ಪಂದು, ಮಾರಾಯ್ತಿ. ಅಮ್ಮ ಹರಿದು ಮೂವತ್ತು ವರ್ಷ ಆಯ್ತು. ಹೊಲಿಯೋ ಪ್ರಸಂಗ ಬರ್ಲೇ ಇಲ್ಲ."

ಅಳು, ನಗು ಒಟ್ಟಿಗೇ ಬಂದವು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಮತ್ತೆ ಬೆಳಿಗ್ಗೆಯಿಂದ ಗೋಡೆ, ಛಾವಣಿ ಅಂತ ಪ್ರಾಣ ತಿಂದ್ಯಲ್ಲ! 'ಹೋಗಬೇಡ' ಅನ್ನೋಕೆ ಏನಾಗಿತ್ತು ನಿಂಗೆ?"

"ಅಷ್ಟು ಆಸೆಪಟ್ಟ ಕೆಲಸ... ಯಾವ ಬಾಯಲ್ಲಿ ಬೇಡ ಅನ್ಲಿ?" ಅವನು ಹೊದಿಕೆಯನ್ನು ಅವಳತ್ತ ಚಾಚಿದ. "ಹೋಗು. ಜುಲೈಗೆ ನನ್ನ ಓದು ಮುಗಿಯತ್ತೆ. ದ್ವೀಪದಲ್ಲೂ ಜನ ಮನೆ ಕಟ್ತಾರಲ್ವಾ? ನಾನೂ ಬರ್ತೀನಿ. ಆದ್ರೆ ಹೋಗೋ ಮುಂಚೆ... ಅಮ್ಮ ಹರಿದ ಪಕ್ಕದಲ್ಲೇ ನೀನೂ ಹರಿ. ನೀನಂದ್ರೆ ನಂಗೆ ಪ್ರಾಣ, ಬೆನೆದಿತಾ."

ಅಬ್ಬಾ, ಅಂತೂ ಅಂದ!

ಪದ್ಧತಿಯ ಪ್ರಕಾರ ಕತ್ತರಿ ಮುಟ್ಟುವಂತಿಲ್ಲ. ಬೆನೆದಿತಾ ಪಕ್ಕದಲ್ಲಿ ಕೂತು ದಪ್ಪ ಉಣ್ಣೆಯ ಅಂಚನ್ನು ಹಲ್ಲಲ್ಲಿ ಕಚ್ಚಿ, ಇಡೀ ದಿನದ ಸಿಟ್ಟನ್ನೆಲ್ಲ ಸೇರಿಸಿ ಎಳೆದಳು. ಪರ್ರೆಂದಿತು.

"ಸಾಕೇನೋ, ಇಷ್ಟು?"

"ಇನ್ನೂ ಸ್ವಲ್ಪ..." ಗಾಸ್ಪಾರ್ ಅವಳ ಕೈ ಹಿಡಿದುಕೊಂಡ. "ಯಾರ ಕೈಲೂ ಹೊಲಿಯೋಕಾಗದಷ್ಟು."