ಬ್ಯಾಡಗಿಯ ಕೆಂಪು ಟ್ರ್ಯಾಕ್

“ಏ... ಏನ್ರಿ! ಬೂಟ ಹಾಕ್ಕೊಂಡ ಮೆಣಸಿನಕಾಯಿ ಮ್ಯಾಲ ನಿಂತೀರಲ್ಲ! ಜನ ತಿನ್ನೂ ಮಾಲ್ರಿ ಅದು!”

ಸುಲಭಾಳ ಕೂಗಿಗೆ ಆ ಯುವಕ ಬೆಚ್ಚಿಬಿದ್ದ. ಮೊಬೈಲನ್ನೇ ನೋಡುತ್ತಾ ಬಂದವನು, ಸೋಮವಾರದ ಟೆಂಡರಿಗೆಂದು ಬ್ಯಾಡಗಿ ಮಾರುಕಟ್ಟೆಯ ಅಂಗಳದಲ್ಲಿ ಒಣಹಾಕಿದ್ದ ಕಾಯಿಯ ನಟ್ಟನಡುವೆ ನಿಂತಿದ್ದ. ಹಿಂದೆ ಸರಿದರೂ ಕಾಯಿ, ಮುಂದೆ ಬಂದರೂ ಕಾಯಿ.

“ಈಗ ಹೆಂಗ ಬರ್ಲಿರಿ?”

“ಬೂಟ ಬಿಚ್ಚಿ ಕೈಯಾಗ ಹಿಡ್ಕೋರಿ!”

ತೊಟ್ಟು ಬಿಡಿಸುತ್ತ ಕುಳಿತಿದ್ದ ಕೂಲಿಯಾಳು ಮಕ್ತುಮಬಿ ನಕ್ಕಳು. “ಬರ್ರಿ ಸಾಹೇಬ್ರ, ಬರ್ರಿ. ಕಾಲು ಉರದ್ರ ನಮ್ಮ ಅಕ್ಕಾರನ್ನ ಬೈಬ್ಯಾಡ್ರಿ ಮತ್ತ!”

ಅವನು ಸೀನುತ್ತಾ ಹೊರಗೆ ಬಂದ. “ನಾ ಕೌಸ್ತುಭ ಅಂತರಿ, ಹಾವೇರ್ಯಾಗ ಸರ್ವೇಯರ್. ರೇಸ್ ಗೇಮಿನ ಗುಂಪಿನ್ಯಾಗ ‘ಈ ಟ್ರ್ಯಾಕ್ ನಮ್ಮ ಬ್ಯಾಡಗೀದು’ ಅಂತ ಬರದಾರು... ಫೋಟೋದಾಗ ನೋಡಿದ್ದೆ, ನೀವ ಅಲ್ಲರಿ?”

ಸುಲಭಾಳ ಸಿಟ್ಟು ಅಲ್ಲೇ ಇಳಿಯಿತು. “ಹೌದ್ರಿ, ನಾನ! ನಮ್ಮ ಊರು ಗೇಮಿನ್ಯಾಗ ಬರ್ತೈತಿ!”

ಅವಳಪ್ಪ ಚನ್ನಬಸಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ. ಹಗಲೆಲ್ಲ ಬಣ್ಣ ನೋಡಿ ಕಾಯಿ ಬೇರ್ಪಡಿಸುವುದು ಅವಳ ಕೆಲಸ. ಸಂಜೆಯಾದರೆ ಕಾರ್ ರೇಸಿನ ಗೇಮು. ಆ ಗೇಮಿಗೆ ಆರು ಹೊಸ ಟ್ರ್ಯಾಕ್ ಬರಲಿವೆ, ಡೌನ್‌ಲೋಡ್ ಮಾಡಿಕೊಳ್ಳಬಹುದು ಎಂದು ಕಂಪನಿ ಸಾರಿತ್ತು. ಯಾವ ಊರಿನವು ಎಂದು ಮಾತ್ರ ಹೇಳಿರಲಿಲ್ಲ. ಒಂದು ಮಸುಕು ಚಿತ್ರ ಬಿಟ್ಟಿತ್ತು, ಅಷ್ಟೇ. ಒಂದು ತಿರುವು, ಒಂದು ಗಡಿಯಾರದ ಕಂಬ, ಅದರಾಚೆ ಉದ್ದಕ್ಕೂ ಕೆಂಪು ನೆಲ.

ಆಟಗಾರರ ಗುಂಪಿನಲ್ಲಿ ಒಬ್ಬ ಇಟ್ಟಿಗೆ ಎಂದ, ಇನ್ನೊಬ್ಬ ಹೂವಿನ ತೋಟ ಎಂದ. ಸುಲಭಾ ಮಾತ್ರ ನೋಡಿದ ಕ್ಷಣವೇ ಬರೆದಳು: ಇದು ಒಣಹಾಕಿದ ಮೆಣಸಿನಕಾಯಿ, ಈ ಟ್ರ್ಯಾಕ್ ನಮ್ಮ ಬ್ಯಾಡಗೀದು!

ಯಾವ್ಯಾವುದೋ ದೇಶದ ರಸ್ತೆಗಳಲ್ಲಿ ಕಾರು ಓಡಿಸಿದ್ದಳು. ತಾನು ಹುಟ್ಟಿ ಬೆಳೆದ ಊರಿನ ಒಂದೇ ಒಂದು ತಿರುವು ಅಲ್ಲಿರಲಿ ಎಂಬ ಆಸೆ ಅವಳಿಗೆ. ತಪ್ಪೇನು?

“ಅದರ ಬಗ್ಗೇನ ಹೇಳಾಕ ಬಂದೇನ್ರಿ...” ಎಂದ ಕೌಸ್ತುಭ, ಅವಳ ಮುಖ ನೋಡಿ ಮಾತು ನುಂಗಿದ. “ಟ್ರ್ಯಾಕ್ ಎಲ್ಲಿಂದ ಚಾಲೂ ಆಗಬಹುದ್ರಿ?”

ಅಂದಿನಿಂದ ಪ್ರತಿ ಭಾನುವಾರ ಅವನು ಬಂದ. ಯಾರ್ಡಿನ ಗೇಟಿನಿಂದ ರೇಸ್ ಶುರು, ಕೋಲ್ಡ್ ಸ್ಟೋರೇಜಿನ ಹತ್ತಿರ ಎಡಕ್ಕೆ, ಸ್ಟೇಶನ್ ಮುಂದೆ ಪೂರಾ ತಿರುವು... ಇಬ್ಬರೂ ನಡೆದು ನಡೆದು ಲೆಕ್ಕ ಹಾಕಿದರು.

“ಇಲ್ಲಿ ಬ್ರೇಕ್ ಹಿಡೀದಿದ್ರ ಸೀದಾ ಚೀಲದ ಮ್ಯಾಲರಿ,” ಅವನೆನ್ನುತ್ತಿದ್ದ.

“ನಾ ಹಿಡೀತೇನಿ. ನೀವ ಹಾರತೀರಿ!”

ಮೂರು ತಿಂಗಳಾಯಿತು. ಚನ್ನಬಸಪ್ಪ ಒಂದು ದಿನ ನೇರವಾಗಿ ಕೇಳಿದ, “ಸುಲಭಾ, ಈ ಹುಡುಗ ಬರೂದು ಗೇಮಿಗೋ ನಿನಗೋ? ಹೂಂ ಅಂದ್ರ ಅವರ ಮನಿಗೆ ಹೋಗಿ ಮಾತಾಡ್ತೇನಿ. ಊಹೂಂ ಅಂದ್ರ ಇನ್ನ ಬರೂದು ಬ್ಯಾಡ ಅನ್ನು.”

“ಸೋಮವಾರ ಹೇಳ್ತೇನಪ್ಪ,” ಎಂದಳು. ಉತ್ತರ ಆಗಲೇ ಎದೆಯಲ್ಲಿತ್ತು.

ಶನಿವಾರ ಕಂಪನಿ ಪಟ್ಟಿ ಬಿಟ್ಟಿತು. ಬ್ಯಾಡಗಿ ಇರಲಿಲ್ಲ! ಆ ಕೆಂಪು, ದೂರದ ಶೀತದೇಶವೊಂದರ ಸಮುದ್ರ ತೀರದಲ್ಲಿ ಚಳಿಗೆ ಕೆಂಪಾಗುವ ಹುಲ್ಲು.

ಗುಂಪಿನಲ್ಲಿ ನಗೆಯೋ ನಗೆ. ಅದನ್ನು ಅವಳು ತಡೆದುಕೊಂಡಳು. ಆಮೇಲೆ ಗುಂಪು ನಡೆಸುವ ಆರಿಫ್ ಬರೆದ: ‘ಕೌಸ್ತುಭ ಅಣ್ಣಾರು ನನಗ ಮೊದಲನೇ ದಿನಾನ ಹೇಳಿದ್ರು, ಇದು ಬ್ಯಾಡಗಿ ಅಲ್ಲ ಅಂತ.’

ಮೊದಲನೇ ದಿನವೇ?

ಹಾಗಾದರೆ ಅಷ್ಟೂ ಭಾನುವಾರ... ನನ್ನನ್ನು ಹುಚ್ಚಿ ಮಾಡಿ ನಕ್ಕನೇ? ಅಪ್ಪನಿಗೆ ನಾನೇನು ಹೇಳಲಿ?

ಅವನ ಫೋನು ನಾಲ್ಕು ಸಲ ಬಂತು. ಎತ್ತಲಿಲ್ಲ. ಐದನೆಯದನ್ನು ಎತ್ತಿ ಒಂದೇ ಮಾತು ಕೇಳಿದಳು: “ಎಲ್ಲಿದೀರಿ?”

“ರಾಣೇಬೆನ್ನೂರಾಗ... ಐರಣಿ ರಸ್ತಾದ ಹೊಲ ಅಳ್ಯಾಕತ್ತೇನ್ರಿ.”

ಮುಂದಿನ ಬಸ್ಸಿಗೇ ಹೊರಟಳು.

ಮಧ್ಯಾಹ್ನದ ಬಿಸಿಲು. ಮೂರು ಕಾಲಿನ ಅಳತೆ ಯಂತ್ರದ ಪಕ್ಕ ಅವನೊಬ್ಬನೇ ನಿಂತಿದ್ದ.

“ಖರೇ ಹೇಳ್ರಿ. ಮೊದಲ ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ತು.” ಅವನು ತಲೆ ತಗ್ಗಿಸಿದ. “ಚಿತ್ರದಾಗ ಗಡಿಯಾರ ಹನ್ನೆರಡು ತೋರಸ್ತಿತ್ತು. ಕಂಬದ ನೆರಳು ಮಾತ್ರ ಕಂಬದ ಎರಡರಷ್ಟಿತ್ತು. ನಮ್ಮ ಕಡೆ ನಡುಮಧ್ಯಾಹ್ನ ಅಷ್ಟು ಉದ್ದ ನೆರಳು ಯಾವ ಕಾಲಕ್ಕೂ ಬೀಳೂದಿಲ್ರಿ.”

“ಮತ್ತ ಯಾಕ ಬಂದ್ರಿ?!”

“ನಿಮ್ಮದು ತಪ್ಪೈತಿ ಅಂತ ಹೇಳಾಕ ಬಂದಿದ್ದೆ. ನೀವು ಬೂಟ ಬಿಚ್ಚಸಿದ್ರಿ... ಆಮ್ಯಾಲ ‘ನಮ್ಮ ಊರು ಗೇಮಿನ್ಯಾಗ ಬರ್ತೈತಿ’ ಅನ್ನೂವಾಗ ನಿಮ್ಮ ಮುಖ ನೋಡಿದೆ. ಬಾಯಿ ಬರಲಿಲ್ಲ. ಮುಂದಿನ ವಾರ ಹೇಳೂನು ಅಂದ್ಕೊಂಡೆ. ಹೇಳಿದ್ರ ಅದರ ಮುಂದಿನ ವಾರ ಬರಾಕ ನನಗ ನೆವಾನ ಇರ್ತಿರಲಿಲ್ಲ.”

ಸುಲಭಾಳ ಕಣ್ಣು ತುಂಬಿತು. ಸಿಟ್ಟೇ ಹೆಚ್ಚಿತ್ತು ಅದರಲ್ಲಿ.

“ನೆವ ಬೇಕಿತ್ತೇನ್ರಿ? ‘ನಿಮ್ಮನ್ನ ನೋಡಾಕ ಬಂದೇನಿ’ ಅಂದಿದ್ರ ನಾ ಹೊಡೀತಿದ್ನೇನು?”

“ಮೊದಲನೇ ದಿನ ಕಂಡಂಗ... ಹೊಡೀತೀರಿ ಅನಿಸಿತ್ರಿ.”

ನಗು ಬಂದುಬಿಟ್ಟಿತು. ತಡೆದಳು. ಇದು ನಗುವ ಹೊತ್ತಲ್ಲ.

“ಕೌಸ್ತುಭ, ನಾ ತಪ್ಪಿದ್ರ ಮುಖದ ಮ್ಯಾಲ ಹೇಳ್ಬೇಕು. ಅಳ್ತೇನಿ, ಒದರತೇನಿ, ಎರಡು ದಿನ ಮಾತು ಬಿಡ್ತೇನಿ. ಆದ್ರೂ ಹೇಳ್ಬೇಕು. ಮುಚ್ಚಿಡೂ ಗಂಡಸಿನ ಜೋಡಿ ನನಗ ಬಾಳೇವು ಆಗೂದಿಲ್ಲ.”

‘ಬಾಳೇವು’ ಎಂಬ ಮಾತಿಗೆ ಅವನು ತಟ್ಟನೆ ತಲೆಯೆತ್ತಿದ.

“ಹಂಗಾರ ಈಗಿಂದ ಚಾಲೂ ಮಾಡ್ಲ್ಯಾ?” ಎಂದ ಮೆಲ್ಲಗೆ. “ಸ್ಟೇಶನ್ ಮುಂದಿನ ತಿರುವು ನೀವು ಹಾಕಿದ್ದು ತಪ್ಪೈತಿ. ಅಷ್ಟು ವೇಗಕ್ಕ ಕಾರು ಉರುಳ್ತೈತಿ.”

“ಏನಂದ್ರಿ?!” ಅವಳ ಮುಖ ಕೆಂಪಾಯಿತು. ಅವನು ಹೆದರಲಿಲ್ಲ, ಕಣ್ಣು ತಗ್ಗಿಸಲೂ ಇಲ್ಲ. ಅದನ್ನು ಕಂಡ ಮೇಲೇ ಅವಳೆದೆ ಹಗುರಾಯಿತು.

“ನಾಡಿದ್ದು ನಮ್ಮಪ್ಪ ನಿಮ್ಮ ಮನಿಗೆ ಬರ್ತಾನ,” ಎಂದಳು.

ಅವನ ಕೈಯಲ್ಲಿದ್ದ ಪೆನ್ನು ಜಾರಿತು. “ಖರೇ?... ಬಂದು ಏನ ಕೇಳ್ತಾರ್ರಿ?”

“ನಮ್ಮ ಹುಡುಗಿ ಹೆಂಗದಾಳ ಅಂತ ಕೇಳಬಹುದು.”

“ಭಾಳ ಸಿಟ್ಟಿನಾಕಿ ಅಂತೇನಿ. ಆಕಿನ್ನ ನೋಡದಿದ್ರ ನನ್ನ ವಾರಾನ ಮುಗಿಯೂದಿಲ್ಲ ಅಂತೇನಿ. ಮೊದಲ ಯಾವುದು ಹೇಳ್ಲಿರಿ?”

ಸುಲಭಾ ಬಗ್ಗಿ ಪೆನ್ನು ಎತ್ತಿ ಅವನ ಕೈಗಿಟ್ಟಳು. ಕೈ ಬಿಡಲಿಲ್ಲ.

“ಎರಡನೇದು ಹೇಳ್ರಿ. ಮೊದಲನೇದು ನಮ್ಮಪ್ಪಗ ಗೊತ್ತೈತಿ.”