ಏಳನೇ ದಿನದ ಲೆನ್ಸ್

ಅಕ್ಕ ರಿಟರ್ನ್ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟು ಎರಡು ಸಾಲುಗಳ ಮೇಲೆ ಬೆರಳಿಟ್ಟಳು.

"'ಒಳಗೆ ಧೂಳು.' 'ರಿಂಗ್ ಬಿಗಿ.' ಎರಡೂ ನಿನ್ನ ಕೈಬರಹ. ನಿನ್ನೆ ಆ ಲೆನ್ಸ್‌ಗಳನ್ನ ನಾನೇ ನೋಡಿದೆ. ಧೂಳೂ ಇಲ್ಲ, ಬಿಗಿಯೂ ಇಲ್ಲ."

ನಾನು ಸ್ಕ್ರೂಡ್ರೈವರ್ ಒರೆಸುತ್ತಾ ಕೂತೆ. ನಮ್ಮದು ಹಳೆಯ ಕ್ಯಾಮೆರಾ ಮಾರುವ ಅಂಗಡಿ. ಅಕ್ಕ ಒಡತಿ, ನಾನು ರಿಪೇರಿಯವನು. ಕೊಂಡದ್ದರಲ್ಲಿ ದೋಷವಿದ್ದರೆ ಏಳು ದಿನದೊಳಗೆ ಬದಲಾಯಿಸಿಕೊಳ್ಳಬಹುದು. ದೋಷ ಏನೆಂದು ನೋಡಿ ಬರೆಯುವವನು ನಾನೇ.

"ಇವತ್ತು ಟೀಚರ್‌ಗೆ ಏಳನೇ ದಿನ," ಎಂದಳು ಅಕ್ಕ. "ಇನ್ನೊಂದು ಸುಳ್ಳು ಬರೆದರೆ ಈ ಟೇಬಲ್ ಖಾಲಿ ಮಾಡು. ತಮ್ಮ ಅಂತ ನೋಡಲ್ಲ."

ಪಕ್ಕದ ಶಾಲೆಯ ಈ ಟೀಚರ್ ಕ್ಯಾಮೆರಾ ಕೊಳ್ಳಲು ಮೊದಲು ಬಂದದ್ದು ಮೂರು ವಾರದ ಹಿಂದೆ. ಲೆನ್ಸ್ ಇಲ್ಲದ ಐದು ಕ್ಯಾಮೆರಾ ಬಾಡಿ ಹಿಡಿದು ನೋಡಿ, ಅಂಗೈಗೆ ಹೊಂದಿದ ಚಿಕ್ಕದನ್ನು ಆರಿಸಿಕೊಂಡಳು. ಬಾಡಿ ಆರಿಸುವುದು ಒಂದು ಗಂಟೆಯಲ್ಲಿ ಮುಗಿಯಿತು. ಲೆನ್ಸ್ ಮುಗಿಯಲೇ ಇಲ್ಲ.

"ಮೊದಲನೇದು ಪ್ರೈಮ್ ಲೆನ್ಸ್ ಇರಲಿ," ಎಂದಿದ್ದೆ. "ಝೂಮ್ ಇರಲ್ಲ. ಹತ್ತಿರ ಬೇಕು ಅಂದ್ರೆ ನೀವೇ ಹತ್ತಿರ ಹೋಗಬೇಕು."

"ನಂಗೆ ಬರದೇ ಇರೋದೇ ಅದು," ಎಂದು ಓರೆಗಣ್ಣಲ್ಲಿ ನೋಡಿ ನಕ್ಕಳು. ನಾನು ಅಲ್ಲೇ ಕೆಟ್ಟೆ.

ಮೂವತ್ತೈದು ಎಂಎಂ ಲೆನ್ಸ್ ಒಯ್ದಳು. ಜನರ ಮುಖಕ್ಕೇ ಹೋಗಿ ನಿಲ್ಲಬೇಕು, ನಾಚಿಕೆ ಎಂದು ವಾಪಸ್ ತಂದಳು. ದೂರದ್ದನ್ನು ಹತ್ತಿರ ತೋರಿಸುವ ಎಂಬತ್ತೈದು ಒಯ್ದಳು. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅಮ್ಮನ ಮೂಗಷ್ಟೇ ಬರುತ್ತದೆ ಎಂದು ಅದನ್ನೂ ತಂದಳು. ಇವು ದೋಷಗಳಲ್ಲ. ಆದರೂ ದೋಷ ಬರೆದೆ. ಬರೆದರೆ ಇನ್ನೊಂದು ಲೆನ್ಸ್, ಇನ್ನೊಂದು ಏಳು ದಿನ, ಅವಳು ಇನ್ನೊಂದು ಸಲ.

ಮೂರನೆಯದು ಹಳೇ ಕಾಲದ ಐವತ್ತು ಎಂಎಂ. ರಿಂಗನ್ನು ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಅವಳು ಇವತ್ತು ಬರಲಿ ಎಂದೂ ಬಾರದಿರಲಿ ಎಂದೂ ಒಟ್ಟಿಗೇ ಬೇಡಿಕೊಂಡೆ.

ಬಂದಳು. ಲೆನ್ಸನ್ನು ಕೌಂಟರ್ ಮೇಲಿಟ್ಟಳು.

"ಏನು ತೊಂದರೆ?" ಅಕ್ಕನೇ ಕೇಳಿದಳು.

ಟೀಚರ್ ನನ್ನತ್ತ ಒಮ್ಮೆ ನೋಡಿ, ಬಾಯಿಪಾಠ ಒಪ್ಪಿಸುವಂತೆ ಹೇಳಿದಳು. "ಆಟೋಫೋಕಸ್ ತುಂಬಾ ನಿಧಾನ."

ಆ ಲೆನ್ಸ್‌ಗೆ ಆಟೋಫೋಕಸ್ಸೇ ಇಲ್ಲ. ಹೇಳಿದ ಮೇಲೆ ಅವಳಿಗೂ ಹೊಳೆಯಿತು, ಕಿವಿ ಕೆಂಪಾಯಿತು.

ಅಕ್ಕ ಪೆನ್ನನ್ನು ನನ್ನ ಕೈಗಿಟ್ಟಳು. "ಬರಿ."

ಬರೆದರೆ ಅಕ್ಕನ ನಂಬಿಕೆ ಹೋಗುತ್ತದೆ, ಬರೆಯದಿದ್ದರೆ ಇವಳ ಮಾನ. ಕೊನೆಗೆ ಬರೆದು ಪುಸ್ತಕ ತಿರುಗಿಸಿಟ್ಟೆ. ಅಕ್ಕ ಜೋರಾಗಿಯೇ ಓದಿದಳು.

"'ಮೂರು ಲೆನ್ಸಲ್ಲೂ ದೋಷವಿಲ್ಲ. ಇವರು ಮತ್ತೆ ಬರಲಿ ಎಂಬ ಆಸೆಗೆ ನಾನೇ ಸುಳ್ಳು ಬರೆದೆ.'"

ನಾನು ಸ್ಕ್ರೂಡ್ರೈವರ್‌ಗಳನ್ನು ಡಬ್ಬಿಗೆ ತುಂಬತೊಡಗಿದೆ.

"ಅರ್ಧ ತಪ್ಪು ನಂದು," ಎಂದಳು ಟೀಚರ್, ಕೌಂಟರ್ ನೋಡುತ್ತಾ. "ಮೊದಲನೇ ಲೆನ್ಸೇ ಚೆನ್ನಾಗಿತ್ತು. ಬರೋಕೆ ಏನಾದ್ರೂ ನೆಪ ಬೇಕಲ್ಲ."

ಅಕ್ಕ ನಮ್ಮಿಬ್ಬರನ್ನೂ ನೋಡಿದಳು. ಪುಸ್ತಕ ಮುಚ್ಚಿದಳು.

"ಲೆನ್ಸ್ ವಾಪಸ್ ತಗೊಳ್ಳಲ್ಲ. ನೀನು ಆ ಡಬ್ಬಿ ಕೆಳಗಿಡು. ನಂಗೆ ಗೋಡೌನಲ್ಲಿ ಕೆಲಸ ಇದೆ," ಎಂದು ಹೊರಗೆ ನಡೆದಳು. ನಮ್ಮ ಅಂಗಡಿಗೆ ಗೋಡೌನ್ ಇಲ್ಲ.

ಟೀಚರ್ ಲೆನ್ಸನ್ನು ತನ್ನ ಕ್ಯಾಮೆರಾಗೆ ಹಾಕಿ ಕಣ್ಣಿಗೆ ಹಿಡಿದಳು. ರಿಂಗ್ ತಿರುಗಿಸುತ್ತಾ ಒಂದೊಂದೇ ಹೆಜ್ಜೆ ನನ್ನತ್ತ ಬಂದಳು.

"ಇನ್ನೂ ಹತ್ತಿರ ಬಂದ್ರೆ ಫೋಕಸ್ ಆಗಲ್ಲ," ಎಂದೆ.

"ಗೊತ್ತು," ಎಂದಳು. ಕ್ಯಾಮೆರಾ ಕೆಳಗಿಳಿಸಿ ಇನ್ನೊಂದು ಹೆಜ್ಜೆ ಮುಂದೆ ಬಂದಳು.